ಕೊಲಂಬಸ್, ಇಂಡಿಯಾನಾ: 50 ಮೈಲಿಯೊಳಗೆ ಕಂಟ್ರೋಲ್ಸ್ ಇಂಜಿನಿಯರ್ ಕೆಲಸ ಸಿಗುತ್ತಾ? (ಎಲ್-2 ವೀಸಾ)

ಮಲೆನಾಡ್‌ಮಳೆ
ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ಪುಣೆಯಿಂದ ಇಂಡಿಯಾನಾದ ಕೊಲಂಬಸ್‌ಗೆ ಎಲ್-1ಬಿ (ಕಂಪನಿ ಒಳಗಿನ ವರ್ಗಾವಣೆ ವೀಸಾ) ಮೇಲೆ ವರ್ಗ ಆಗಿದೆ, ನನಗೆ ಎಲ್-2. ಡೀಸೆಲ್ ಇಂಜಿನ್ ಕಂಪನಿ. ಆ ಊರಿಗೆ ಇನ್ಯಾವುದಕ್ಕೆ ವರ್ಗ ಆಗುತ್ತೆ ಹೇಳಿ! ನಾನು ವಿಟಿಯು ಇ ಅಂಡ್ ಸಿ, ಆಟೊಮೇಷನ್ ಕೆಲಸ: ಪಿಎಲ್‌ಸಿ (ಮಷೀನ್ ನಡೆಸೋ ಕಂಟ್ರೋಲರ್), ಹೆಚ್ಚಾಗಿ ಸೀಮೆನ್ಸ್ ಟಿಐಎ ಪೋರ್ಟಲ್ ಸಾಫ್ಟ್‌ವೇರ್, ಪ್ಯಾನಲ್ ಡ್ರಾಯಿಂಗ್, ಸೈಟ್ ಕಮಿಷನಿಂಗ್.

ಹುಡುಕಿದ ಪ್ರತಿ ಜಾಹೀರಾತಿನ ಕೊನೆಗೂ "ಸ್ಪಾನ್ಸರ್‌ಶಿಪ್ ಕೊಡಲ್ಲ" (ವೀಸಾಗೆ ಕಂಪನಿ ಅರ್ಜಿ ಹಾಕಲ್ಲ) ಅಂತ ಇದೆ. ಅಂದ್ರೆ ನನಗೆ ಅರ್ಜಿ ಹಾಕೋ ದಾರಿಯೇ ಇಲ್ವಾ? ಊರು ಅಂದ್ರೆ 50 ಸಾವಿರ ಜನ. ಇಂಡಿಯಾನಾಪೊಲಿಸ್ ಕಡೆ ಮನೆ ಮಾಡಿ ಮನೆಯವರೇ ಓಡಾಡೋದು ಒಳ್ಳೇದಾ? ಇನ್ನೊಂದು, ನಾದಿನಿ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಹೆಂಡತಿಯ ವೀಸಾ) ಮೇಲೆ ಬ್ಲೂಮಿಂಗ್ಟನ್‌ನಲ್ಲಿದ್ದಾಳೆ, ಬಿ.ಫಾರ್ಮ್. ಅವಳಿಗೆ ಏನಾದ್ರೂ ಇದೆಯಾ? ಗೊತ್ತಿರೋರು ಹೇಳಿ.

ಜೋಳದಹೊಲ
ಮೇಡಂ, ಮೊದಲು ಒಂದು ಸಮಾಧಾನ. ಎಲ್-1 ಇರೋರ ಗಂಡ/ಹೆಂಡತಿಗೆ 2021ರ ನವೆಂಬರ್‌ನಿಂದ ಕೆಲಸದ ಹಕ್ಕು ಸ್ಟೇಟಸ್ ಜೊತೆಗೇ ಬರುತ್ತೆ, ಬೇರೆ ಕಾರ್ಡ್ ಬೇಡ. ಇಳಿದ ಮೇಲೆ ಐ-94 (ದೇಶದೊಳಗೆ ಬಿಟ್ಟುಕೊಂಡ ದಾಖಲೆ) ಡೌನ್‌ಲೋಡ್ ಮಾಡಿ ನೋಡಿ, ಅದರಲ್ಲಿ "ಎಲ್-2ಎಸ್" ಅಂತ ಇರಬೇಕು. ಬರೀ "ಎಲ್-2" ಅಂತಿದ್ರೆ ಕೂಡಲೇ ಸಿಬಿಪಿ (ಗಡಿ-ಕಸ್ಟಮ್ಸ್) ಆಫೀಸಿಗೆ ಬರೆದು ತಿದ್ದಿಸಿ. ಆ ಒಂದು "ಎಸ್" ಇಲ್ಲದೆ ಯಾವ ಎಚ್‌ಆರ್ ಕೂಡ ಮುಂದೆ ಹೋಗಲ್ಲ.

ಕಾಗದಪತ್ರ_ಕಾಮತ್
ಮೇಲಿನದಕ್ಕೆ ಸೇರಿಸ್ತೀನಿ, ಯಾಕಂದ್ರೆ ಚಿಕ್ಕ ಊರಲ್ಲಿ ತೊಂದರೆ ಆಗೋದು ಇಲ್ಲೇ. ದೊಡ್ಡ ಕಂಪನಿಗಳ ಎಚ್‌ಆರ್‌ಗೆ ಎಲ್-2ಎಸ್ ಗೊತ್ತಿರುತ್ತೆ. 120 ಜನರ ಸಪ್ಲೈಯರ್ ಪ್ಲಾಂಟಿನ ಎಚ್‌ಆರ್ ಅಮ್ಮ ಅದನ್ನ ಜನ್ಮದಲ್ಲಿ ನೋಡಿರಲ್ಲ, "ಇಎಡಿ ಕಾರ್ಡ್ ಎಲ್ಲಿ?" (ಕೆಲಸದ ಅನುಮತಿ ಕಾರ್ಡ್) ಅಂತ ಕೇಳ್ತಾರೆ.

ಐ-9 ಫಾರ್ಮ್‌ಗೆ (ಕೆಲಸಕ್ಕೆ ಸೇರುವಾಗ ಕೆಲಸದ ಹಕ್ಕು ಪರಿಶೀಲಿಸೋದು) ಎರಡು ದಾಖಲೆ ಸಾಕು. ಲಿಸ್ಟ್ ಬಿ (ಗುರುತು) ಗೆ ಡ್ರೈವಿಂಗ್ ಲೈಸೆನ್ಸ್, ಲಿಸ್ಟ್ ಸಿ (ಕೆಲಸದ ಹಕ್ಕು) ಗೆ ಎಲ್-2ಎಸ್ ಇರೋ ಐ-94 ಪ್ರಿಂಟ್. ಎಂ-274 ಅನ್ನೋ ಸರ್ಕಾರಿ ಕೈಪಿಡಿಯಲ್ಲೇ ಇದು ಇದೆ, ಆ ಪುಟ ಪ್ರಿಂಟ್ ಹಾಕಿ ಫೈಲಲ್ಲಿ ಇಟ್ಟುಕೊಳ್ಳಿ. ವಾದ ಮಾಡ್ಬೇಡಿ, ಕಾಗದ ಕೊಟ್ಟುಬಿಡಿ.

ಕ್ರಮ ಹೀಗಿರಲಿ: ಐ-94 ಸರಿ ಇದೆಯಾ ನೋಡೋದು, ಆಮೇಲೆ ಸೋಶಿಯಲ್ ಸೆಕ್ಯುರಿಟಿ ನಂಬರ್, ಆಮೇಲೆ ಬಿಎಂವಿಯಲ್ಲಿ (ನಮ್ಮ ಆರ್‌ಟಿಒ ಥರ) ಲೈಸೆನ್ಸ್. ಇಂಡಿಯಾನಾದಲ್ಲಿ ವಾಸಕ್ಕೆ ಬಂದ 60 ದಿನದೊಳಗೆ ಲೈಸೆನ್ಸ್ ಮಾಡಿಸಬೇಕು. ಬಿಎಂವಿಗೆ ವಿಳಾಸದ ಪುರಾವೆ ಎರಡು ಬೇಕು, ಹಾಗಾಗಿ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ನಿಮ್ಮ ಹೆಸರೂ ಇರಲಿ. ಎಲ್ಲ ಗಂಡನ ಹೆಸರಲ್ಲೇ ಮಾಡಿಸಿಟ್ಟು ಆಮೇಲೆ ಒದ್ದಾಡೋದು ನಮ್ಮವರಿಗೆ ಮಾಮೂಲು.

ಪ್ಯಾನಲ್_ಪಾಪಣ್ಣ
ಕೆಲಸ ಸಿಗುತ್ತಾ ಅಂತ ಕೇಳಿದ್ರಲ್ಲ. ನಿಮ್ಮ ಲೈನಲ್ಲಿ ಇಂಡಿಯಾನಾಪೊಲಿಸ್‌ಗಿಂತ ಈ ಚಿಕ್ಕ ಊರುಗಳೇ ಮೇಲು. ಫ್ಯಾಕ್ಟರಿ ಇರೋದು ಇಲ್ಲೇ, ಆದ್ರೆ ಕಂಟ್ರೋಲ್ಸ್ ಗೊತ್ತಿರೋರು ಸಿಟಿ ಬಿಟ್ಟು ಬರಲ್ಲ.

ಕೊಲಂಬಸ್ ಒಳಗೇ ಡೀಸೆಲ್ ಇಂಜಿನ್ ಮಾಡೋ ಕಮಿನ್ಸ್ ಜೊತೆ ಟೊಯೋಟಾದ ಫೋರ್ಕ್‌ಲಿಫ್ಟ್ ಪ್ಲಾಂಟ್ ಇದೆ, ಎನ್‌ಟಿಎನ್ ಡ್ರೈವ್‌ಶಾಫ್ಟ್ ಇದೆ, ಎಂಕೈ ಅಲಾಯ್ ವೀಲ್ ಇದೆ. ದಕ್ಷಿಣಕ್ಕೆ ಸುಮಾರು 20 ಮೈಲಿ ಹೋದ್ರೆ ಸೀಮೋರ್: ಅಲ್ಲಿ ಕಮಿನ್ಸ್‌ದೇ ದೊಡ್ಡ ಇಂಜಿನ್ ಪ್ಲಾಂಟ್, ಕಾರ್ ಬಿಡಿಭಾಗದ ಐಸಿನ್. ಪೂರ್ವಕ್ಕೆ 46ನೇ ಸ್ಟೇಟ್ ರೋಡಲ್ಲಿ ಗ್ರೀನ್ಸ್‌ಬರ್ಗ್, 2008ರಲ್ಲಿ ಶುರುವಾದ ಹೋಂಡಾ ಕಾರ್ ಪ್ಲಾಂಟ್. ಇನ್ನೂ ಮುಂದೆ ಬೇಟ್ಸ್‌ವಿಲ್, ಆಸ್ಪತ್ರೆ ಮಂಚ ಮಾಡೋ ಊರು. ಪಶ್ಚಿಮಕ್ಕೆ ಬ್ಲೂಮಿಂಗ್ಟನ್, ಅಲ್ಲಿ ಕುಕ್ ಮೆಡಿಕಲ್, ಇಂಜೆಕ್ಷನ್ ತುಂಬೋ ಔಷಧ ಪ್ಲಾಂಟ್.

ಹುಡುಕುವಾಗ "ಆಟೊಮೇಷನ್ ಇಂಜಿನಿಯರ್" ಅಂತ ಮಾತ್ರ ಹಾಕಿದ್ರೆ ಅರ್ಧ ಕೆಲಸ ಕಾಣಲ್ಲ. "ಕಂಟ್ರೋಲ್ಸ್ ಇಂಜಿನಿಯರ್", "ಮ್ಯಾನುಫ್ಯಾಕ್ಚರಿಂಗ್ ಇಂಜಿನಿಯರ್", "ಎಲೆಕ್ಟ್ರಿಕಲ್ ಮೇಂಟೆನನ್ಸ್ ಇಂಜಿನಿಯರ್", "ಪ್ರೊಸೆಸ್ ಇಂಜಿನಿಯರ್", ಈ ನಾಲ್ಕೂ ಹಾಕಿ. ಚಿಕ್ಕ ಪ್ಲಾಂಟಲ್ಲಿ ನಾಲ್ಕೂ ಒಬ್ಬರ ತಲೆ ಮೇಲೇ ಇರುತ್ತೆ.

ಧಾರವಾಡ_ಪೇಢಾ
ಪಾಪಣ್ಣಾರ ಹೇಳಿದ್ದು ಖರೆ ಐತಿ, ಆದ್ರ ಒಂದು ಬಿಟ್ಟಾರ. ಸೀಮೆನ್ಸ್ ಅಷ್ಟ ಗೊತ್ತಿದ್ರ ಇಲ್ಲಿ ಮೊದಲನೇ ಇಂಟರ್‌ವ್ಯೂನಾಗ ಬೀಳ್ತೀರಿ. ಈ ಕಡೆ ಅಲೆನ್-ಬ್ರ್ಯಾಡ್ಲಿ (ಅಮೆರಿಕದ ಪಿಎಲ್‌ಸಿ ಬ್ರ್ಯಾಂಡ್) ರಾಜ್ಯ ರೀ. ಅದರ ಸಾಫ್ಟ್‌ವೇರ್ ಸ್ಟುಡಿಯೋ 5000, ಲ್ಯಾಡರ್ (ಏಣಿ ಹಂಗ ಸಾಲು ಸಾಲಾಗಿ ಬರಿಯೂ ಪ್ರೋಗ್ರಾಂ). ಸ್ಟ್ರಕ್ಚರ್ಡ್ ಟೆಕ್ಸ್ಟ್‌ನಾಗ ಬರದ್ರ ರಾತ್ರಿ ಪಾಳಿ ಎಲೆಕ್ಟ್ರಿಷಿಯನ್ ಬೈತಾನ.

ಪ್ಯಾನಲ್_ಪಾಪಣ್ಣ
ಜಪಾನಿ ಪ್ಲಾಂಟುಗಳಲ್ಲಿ ಹಾಗಿಲ್ಲ ಸರ್. ಹೋಂಡಾ, ಟೊಯೋಟಾ ಸಪ್ಲೈಯರ್‌ಗಳಲ್ಲಿ ಮಿತ್ಸುಬಿಷಿ, ಓಮ್ರಾನ್, ಕೀಯೆನ್ಸ್ ತುಂಬಾ ಇದೆ. ಮಷೀನ್ ಜಪಾನಿಂದ ಬಂದ್ರೆ ಅದರ ಪಿಎಲ್‌ಸಿ ಅದರ ಜೊತೆಗೇ ಬರುತ್ತೆ, ಕಾಮೆಂಟ್ ಜಪಾನೀಸಲ್ಲೇ ಇರುತ್ತೆ.

ಧಾರವಾಡ_ಪೇಢಾ
ಒಪ್ಪಿದೆ. ಆದ್ರೂ ಸಾಲಾಗಿ ಲೆಕ್ಕ ಹಾಕಿದ್ರ ಅಲೆನ್-ಬ್ರ್ಯಾಡ್ಲಿನ ಹೆಚ್ಚು. ಮಳೆ ಅಕ್ಕಾರ, ಇವಿಷ್ಟು ಕಲ್ತು ಬರ್ರಿ:

ಸೀಮೆನ್ಸ್‌ನಾಗ ಸ್ಕ್ಯಾನ್ (ಪ್ರೋಗ್ರಾಂ ಒಂದು ಸುತ್ತು ಓಡೂದು) ಶುರುವಾಗೂ ಮುಂಚೆ ಇನ್‌ಪುಟ್ ಎಲ್ಲಾ ಒಮ್ಮೆ ಓದಿ ಪ್ರೊಸೆಸ್ ಇಮೇಜ್‌ನಾಗ ಇಡ್ತದ. ಸ್ಕ್ಯಾನ್ ಮುಗಿಯೂ ತನಕ ಅದು ಬದಲಾಗಂಗಿಲ್ಲ. ಲಾಜಿಕ್ಸ್‌ನಾಗ (ಅಲೆನ್-ಬ್ರ್ಯಾಡ್ಲಿ ಪಿಎಲ್‌ಸಿ) ಹಂಗಲ್ಲ. ಇನ್‌ಪುಟ್ ತನ್ನ ಪಾಡಿಗೆ ಆರ್‌ಪಿಐ (ಇನ್‌ಪುಟ್ ಹೊಸದಾಗಿ ಬರಾಕ ಇಟ್ಟ ಅವಧಿ) ಸಮಯಕ್ಕ ಬದಲಾಗ್ತಾನ ಇರ್ತದ, ಸ್ಕ್ಯಾನ್ ಎಲ್ಲಿ ಐತಿ ಅಂತ ನೋಡಂಗಿಲ್ಲ. ಮೂರನೇ ರಂಗ್‌ನಾಗ (ಲ್ಯಾಡರ್ ಸಾಲು) ಸೆನ್ಸರ್ ಆನ್ ಇದ್ದದ್ದು, ಮೂವತ್ತನೇದರಾಗ ಆಫ್ ಇರಬಹುದು. ಸೀಕ್ವೆನ್ಸ್ ಯಾವಾಗರ ಒಮ್ಮೆ ತಪ್ಪತದ, ಮತ್ತ ಹುಡುಕಿದ್ರ ಸಿಗಂಗಿಲ್ಲ. ಅದಕ್ಕ ಮೊದಲನೇ ರೂಟೀನ್‌ನಾಗ ಇನ್‌ಪುಟ್ ಎಲ್ಲಾ ಬೇರೆ ಟ್ಯಾಗ್‌ಗೆ ಕಾಪಿ ಮಾಡ್ಕೋಬೇಕು, ಮುಂದ ಆ ಟ್ಯಾಗ್ ಅಷ್ಟ ಬಳಸಬೇಕು. ಇಂಟರ್‌ವ್ಯೂನಾಗ ಈ ಪ್ರಶ್ನೆ ಕೇಳೇ ಕೇಳ್ತಾರ.

ಟೈಮರ್: ಸೀಮೆನ್ಸ್ ಹಂಗ ಟಿ#5ಎಸ್ ಅಂತ ಬರಿಯೂದಿಲ್ಲ, ಪ್ರೀಸೆಟ್ 5000, ಮಿಲಿಸೆಕೆಂಡ್. ಮುಗಿದದ್ದು ಡಿಎನ್ ಬಿಟ್, ನಡ್ಯಾಕತ್ತಿದ್ದು ಟಿಟಿ ಬಿಟ್. ರೂಟೀನ್ ಬರದು ಜೆಎಸ್ಆರ್ (ಆ ರೂಟೀನ್ ಕರಿಯೂ ಸೂಚನೆ) ಹಾಕ್ಲಿಲ್ಲಂದ್ರ ಅದು ಓಡೂದ ಇಲ್ಲ. ಹೊಸಬರು ತಾಸುಗಟ್ಟಲೆ ತಲಿ ಕೆಡಿಸ್ಕೊಳ್ಳೂದು ಇದಕ್ಕ.

ಹಾಸನ್_ಹುಡ್ಗ
ಸ್ಟುಡಿಯೋ 5000 ಲೈಸೆನ್ಸ್ ದುಡ್ಡು ಕೇಳಿದ್ರೆ ಎದೆ ಒಡೆಯುತ್ತೆ ಗುರು, ಮನೇಲಿ ಹೇಗೆ ಕಲಿಯೋದು?

ಧಾರವಾಡ_ಪೇಢಾ
ಕನೆಕ್ಟೆಡ್ ಕಾಂಪೊನೆಂಟ್ಸ್ ವರ್ಕ್‌ಬೆಂಚ್ ಸ್ಟ್ಯಾಂಡರ್ಡ್ ಫುಕಟ್ ಸಿಗ್ತದ, ಮೈಕ್ರೊ 800 ಸರಣಿಗೆ. ಅದು ಲಾಜಿಕ್ಸ್ ಅಲ್ಲ, ಆದ್ರ ಅವರ ಲ್ಯಾಡರ್ ಕಣ್ಣಿಗೆ ರೂಢಿ ಆಗ್ತದ. ಲಾಜಿಕ್ಸ್‌ನ ಬೇಕಂದ್ರ ಐವಿ ಟೆಕ್ ಕಮ್ಯುನಿಟಿ ಕಾಲೇಜಿನ ಕೊಲಂಬಸ್ ಕ್ಯಾಂಪಸ್‌ನಾಗ ವಿಚಾರ್ಸ್ರಿ, ಒಂದ ಕೋರ್ಸ್ ತಗೊಂಡ್ರ ಲ್ಯಾಬ್ ಸಿಗ್ತದ. ಅಲ್ಲಿ ಸಂಜಿ ಕ್ಲಾಸಿಗೆ ಬರೋರು ಸುತ್ತಲಿನ ಪ್ಲಾಂಟಿನ ಟೆಕ್ನಿಷಿಯನ್‌ಗಳು. ಯಾವ ಪ್ಲಾಂಟ್‌ನಾಗ ಜಾಗ ಖಾಲಿ ಐತಿ ಅಂತ ಜಾಹೀರಾತಿಗಿಂತ ಮೊದಲ ಅವರಿಗೆ ಗೊತ್ತಿರ್ತದ.

ವೋಲ್ಟೇಜ್_ವನಜ
ಸಾಫ್ಟ್‌ವೇರ್ ಬದಿಗಿರಲಿ, ಜೀವದ ವಿಷಯ ಯಾರೂ ಹೇಳ್ಲಿಲ್ಲ. ವೈರ್ ಬಣ್ಣ!

ನಮ್ಮಲ್ಲಿ ಕೆಂಪು-ಹಳದಿ-ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಅಂದ್ರೆ ಲೈವ್. ನ್ಯೂಟ್ರಲ್ ಬಿಳಿ. ಮಷೀನ್ ಪ್ಯಾನಲ್ ಒಳಗೆ ಎನ್‌ಎಫ್‌ಪಿಎ 79 (ಕೈಗಾರಿಕಾ ಮಷೀನಿನ ವಿದ್ಯುತ್ ಮಾನದಂಡ) ಪ್ರಕಾರ ಪವರ್ ವೈರ್ ಮೂರೂ ಫೇಸ್ ಕಪ್ಪು, ಎಸಿ ಕಂಟ್ರೋಲ್ ಕೆಂಪು, ಡಿಸಿ ಕಂಟ್ರೋಲ್ ನೀಲಿ, ಅರ್ತ್ ಹಸಿರು. ಕಿತ್ತಳೆ ಅಥವಾ ಹಳದಿ ಕಂಡ್ರೆ ಕೈ ಹಿಂದಕ್ಕೆ ತಗೊಳ್ಳಿ. ಮೇನ್ ಡಿಸ್ಕನೆಕ್ಟ್ ಆಫ್ ಮಾಡಿದ್ಮೇಲೂ ಬೇರೆ ಕಡೆಯಿಂದ ಸಪ್ಲೈ ಇರೋ ವೈರ್ ಅದು.

ಸಪ್ಲೈ 415 ವೋಲ್ಟ್ 50 ಹರ್ಟ್ಜ್ ಅಲ್ಲ, 480 ವೋಲ್ಟ್ 60 ಹರ್ಟ್ಜ್. ನಾಲ್ಕು ಪೋಲ್ ಮೋಟರ್ ಸಿಂಕ್ರನಸ್ ವೇಗ 1500 ಅಲ್ಲ, 1800. ಬಾಯಲ್ಲಿ "1440 ಆರ್‌ಪಿಎಂ" ಅಂತ ಬಂದ್ರೆ ಎದುರಿಗಿರೋರು ಮುಖ ಮುಖ ನೋಡ್ತಾರೆ. ಡ್ರಾಯಿಂಗ್ ಚಿಹ್ನೆನೂ ಬೇರೆ. ರಿಲೇ ಕಾಂಟ್ಯಾಕ್ಟ್ ಅಂದ್ರೆ ಎರಡು ಸಮಾನಾಂತರ ಗೆರೆ, ಕಾಯಿಲ್ ವೃತ್ತದೊಳಗೆ ಸಿಆರ್ ಅಂತ ಬರೆದಿರ್ತಾರೆ, ಪುಟದ ಎಡಗಡೆ ಸಾಲಿನ ನಂಬರ್ ಇರುತ್ತೆ. ವೈರ್ ನಂಬರನ್ನ ಸಾಮಾನ್ಯವಾಗಿ ಆ ಸಾಲಿನ ನಂಬರಿಂದಲೇ ಕಟ್ಟಿರ್ತಾರೆ. ಇಂಟರ್‌ವ್ಯೂಗೆ ಕೂತಾಗ ಇಂಥ ಪ್ರಿಂಟ್ ಒಂದು ಮುಂದಿಟ್ಟು "ಈ ಮೋಟರ್ ಯಾಕೆ ಸ್ಟಾರ್ಟ್ ಆಗ್ತಿಲ್ಲ, ಎಲ್ಲೆಲ್ಲಿ ಮೀಟರ್ ಇಡ್ತೀರಿ?" ಅಂತಾರೆ. ಉತ್ತರದ ಮೊದಲ ವಾಕ್ಯ ಲಾಕ್‌ಔಟ್ ಟ್ಯಾಗ್‌ಔಟ್ (ಪವರ್ ಆಫ್ ಮಾಡಿ ಬೀಗ, ಚೀಟಿ ಹಾಕೋದು) ಬಗ್ಗೆ ಇಲ್ಲದಿದ್ರೆ ಮಿಕ್ಕಿದ್ದು ಎಷ್ಟು ಚೆನ್ನಾಗಿ ಹೇಳಿದ್ರೂ ಪ್ರಯೋಜನ ಕಮ್ಮಿ. ಅದರ ಸರ್ಕಾರಿ ನಿಯಮ ಓಶಾ 1910.147 ಓದ್ಕೊಂಡು ಹೋಗಿ.

ಎಕ್ಸ್‌ಪ್ರೆಸೊ_ಬೇಡ_ಫಿಲ್ಟರ್_ಸಾಕು
480 ವೋಲ್ಟ್ ಫೇಸ್‌ಗೆ ಕಂದು-ಕಿತ್ತಳೆ-ಹಳದಿ ಅಂತ ಕೇಳಿದ್ದೆ?

ವೋಲ್ಟೇಜ್_ವನಜ
ಅದು ಕಟ್ಟಡದ ವೈರಿಂಗಲ್ಲಿ ರೂಢಿ, ಕೋಡ್ ಕಡ್ಡಾಯ ಮಾಡಿಲ್ಲ. ಪ್ಯಾನಲ್‌ವರೆಗೆ ಆ ಬಣ್ಣದಲ್ಲಿ ಬಂದು ಒಳಗೆ ಕಪ್ಪಾಗುತ್ತೆ. ಅದಕ್ಕೇ ಬಣ್ಣ ನಂಬಬಾರದು, ಮೀಟರ್ ನಂಬಬೇಕು.

ಬೋರ್‌ವೆಲ್_ಬಸಪ್ಪ
ಮೆಕ್ಯಾನಿಕಲ್‌ನವರಿಗೂ ಇದೇ ಕಥೆ. ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್, ಅಲ್ಲಿ ಥರ್ಡ್ ಆ್ಯಂಗಲ್. ಟೈಟಲ್ ಬ್ಲಾಕಲ್ಲಿ ಆ ಮೊಟಕು ಶಂಕುವಿನ ಚಿಹ್ನೆ ನೋಡದೆ ಓದಿದ್ರೆ ಎಡದ ತೂತು ಬಲಕ್ಕೆ ಬೀಳುತ್ತೆ. ಅಳತೆ ಇಂಚಿನ ಸಾವಿರದ ಒಂದು ಭಾಗದಲ್ಲಿ ಇರುತ್ತೆ: ಐದು ಥೌ ಅಂದ್ರೆ 0.127 ಮಿ.ಮೀ. ಟಾಲರೆನ್ಸಿಂಗ್‌ಗೆ ಎಎಸ್‌ಎಂಇ ವೈ14.5 ಮಾನದಂಡ. ಕ್ವಾಲಿಟಿ ಕೆಲಸಕ್ಕೆ ಹೋಗೋರು ಪಿಪಿಎಪಿ (ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯೋ ಕಡತ) ಮೂರನೇ ಲೆವೆಲ್‌ನಲ್ಲಿ ಏನೇನು ಕಾಗದ ಹೋಗುತ್ತೆ, ಕಂಟ್ರೋಲ್ ಪ್ಲಾನ್‌ಗೂ ಪಿಎಫ್‌ಎಂಇಎಗೂ (ತಯಾರಿಕೆಯಲ್ಲಿ ಎಲ್ಲೆಲ್ಲಿ ತಪ್ಪಬಹುದು ಅನ್ನೋ ಪಟ್ಟಿ) ಕೊಂಡಿ ಹೇಗೆ, ಇದನ್ನ ನಿದ್ದೆಯಲ್ಲೂ ಹೇಳೋ ಹಾಗಿರಬೇಕು. ಸೀಮೋರ್, ಗ್ರೀನ್ಸ್‌ಬರ್ಗ್ ಸುತ್ತಿನ ಸಪ್ಲೈಯರ್‌ಗಳಲ್ಲಿ ಕ್ವಾಲಿಟಿ ಇಂಜಿನಿಯರ್ ಜಾಗ ಖಾಲಿ ಆಗ್ತಾನೇ ಇರುತ್ತೆ. ಕೆಲಸದ ಒತ್ತಡ ಹಾಗಿರುತ್ತೆ ಅಂತಾನೂ ಅರ್ಥ ಮಾಡ್ಕೊಳ್ಳಿ.

ಮಲೆನಾಡ್‌ಮಳೆ
ಅಬ್ಬಾ, ಎಷ್ಟು ಮಾಹಿತಿ! ಥ್ಯಾಂಕ್ಸ್. ಆದ್ರೆ ಆ ಸ್ಪಾನ್ಸರ್‌ಶಿಪ್ ಪ್ರಶ್ನೆಗೆ ಏನು ಉತ್ತರ ಟಿಕ್ ಮಾಡ್ಲಿ? "ಈಗ ಅಥವಾ ಮುಂದೆ ಬೇಕಾಗುತ್ತಾ" ಅಂತಿದೆ.

ಹಾಸನ್_ಹುಡ್ಗ
"ಇಲ್ಲ" ಅಂತ ಹಾಕಿ ಅಷ್ಟೆ. ನಿಮ್ಮ ಹಕ್ಕು ನಿಮ್ಮ ಗಂಡನ ವೀಸಾದಿಂದ ಬಂದಿದೆ, ಕಂಪನಿ ಒಂದು ಅರ್ಜಿನೂ ಹಾಕಬೇಕಿಲ್ಲ. "ಹೌದು" ಅಂದ್ರೆ ಸಾಫ್ಟ್‌ವೇರೇ ತೆಗೆದುಹಾಕುತ್ತೆ, ಮನುಷ್ಯರ ಕಣ್ಣಿಗೂ ಬೀಳಲ್ಲ.

ಕಾಗದಪತ್ರ_ಕಾಮತ್
ಹಾಸನದವರೇ, ಅಷ್ಟು ಸಲೀಸಲ್ಲ. "ಮುಂದೆ" ಅನ್ನೋದೂ ಪ್ರಶ್ನೆಯಲ್ಲಿ ಇದೆ. ಎಲ್-1ಬಿ ಒಟ್ಟು ಐದು ವರ್ಷ, ಅಷ್ಟೇ. ಅಷ್ಟರಲ್ಲಿ ಮನೆಯವರಿಗೆ ಎಚ್-1ಬಿ ಸಿಕ್ಕಿದ್ರೆ ಇವರು ಎಚ್-4 ಆಗ್ತಾರೆ, ಎಲ್-2ಎಸ್ ಹೋಯ್ತು, ಕೆಲಸದ ಹಕ್ಕೂ ಹೋಯ್ತು. ಎಚ್-4ಗೆ ಇಎಡಿ ಬರಬೇಕಾದ್ರೆ ಗಂಡನ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಮಂಜೂರಾಗಿರಬೇಕು, ಅಥವಾ ಎಚ್-1ಬಿಯ ಆರು ವರ್ಷ ದಾಟಿದ ವಿಸ್ತರಣೆ ಇರಬೇಕು. ಅವತ್ತು ಇದೇ ಕಂಪನಿ ಮುಂದೆ ಹೋಗಿ "ಎಚ್-1ಬಿ ಹಾಕಿ" ಅನ್ನೋ ಯೋಚನೆ ಇದ್ರೆ ಈಗ "ಇಲ್ಲ" ಅನ್ನೋದು ಸುಳ್ಳು. ಅರ್ಜಿಯಲ್ಲಿ ಸುಳ್ಳು ಅಂತ ತೆಗೆದುಹಾಕಿದ್ರೆ ಯಾರೂ ಕೇಳಲ್ಲ.

ಹಾಸನ್_ಹುಡ್ಗ
ಕೇಳೋ ಯೋಚನೆ ಇಲ್ಲದಿದ್ರೆ?

ಕಾಗದಪತ್ರ_ಕಾಮತ್
ಇಲ್ಲದಿದ್ರೆ "ಇಲ್ಲ" ಅನ್ನಬಹುದು, ಆದ್ರೆ ಆಮೇಲೆ ಅದಕ್ಕೆ ಬದ್ಧರಾಗಿರಬೇಕು. ಬರೆಯೋಕೆ ಖಾಲಿ ಜಾಗ ಇದ್ರೆ ಒಂದೇ ಸಾಲು: "ಎಲ್-2ಎಸ್ ಸ್ಟೇಟಸ್, ಕೆಲಸದ ಅನುಮತಿ ಇದೆ, ಉದ್ಯೋಗದಾತರ ಅರ್ಜಿ ಬೇಕಿಲ್ಲ, ಇಂಥ ದಿನಾಂಕದವರೆಗೆ." ಅರ್ಧ ಎಚ್‌ಆರ್‌ಗಳಿಗೆ ಬೇಕಿರೋದು ಅಷ್ಟೇ. ಮತ್ತೆ ಇದನ್ನೂ ತಿಳಿದಿರಿ: ಎಲ್-2 ಅನ್ನೋ ಕಾರಣಕ್ಕೆ ಕಂಪನಿ ಬೇಡ ಅಂದ್ರೆ ಪೌರತ್ವ-ತಾರತಮ್ಯ ಅಂತ ದೂರು ಕೊಡೋಕೆ ಬರಲ್ಲ, ಆ ರಕ್ಷಣೆ ಪ್ರಜೆಗಳು, ಗ್ರೀನ್ ಕಾರ್ಡ್‌ನವರು, ನಿರಾಶ್ರಿತರು ಇಂಥವರಿಗೆ ಮಾತ್ರ.

ಜೋಳದಹೊಲ
ಇನ್ನೊಂದು ಬೇಲಿ: ರಕ್ಷಣಾ ಕೆಲಸ. ಕ್ರೇನ್ ನೌಕಾ ಕೇಂದ್ರದಲ್ಲಿ ಇಂಜಿನಿಯರ್ ಜಾಗ ಯಾವಾಗಲೂ ಕಾಣುತ್ತೆ, ಪ್ರಜೆಗಳಿಗೆ ಮಾತ್ರ. ಇಂಡಿಯಾನಾಪೊಲಿಸ್‌ನ ರೋಲ್ಸ್-ರಾಯ್ಸ್‌ನಲ್ಲೂ ಸೇನೆಯ ಇಂಜಿನ್ ಭಾಗಕ್ಕೆ ಐಟಾರ್ (ರಕ್ಷಣಾ ರಫ್ತು ನಿಯಮ) ಇದೆ. ಜಾಹೀರಾತಲ್ಲಿ "ಯು.ಎಸ್. ಪರ್ಸನ್" ಅಂತ ಕಂಡ್ರೆ ಗ್ರೀನ್ ಕಾರ್ಡ್‌ವರೆಗೆ ಬಿಟ್ಟುಬಿಡಿ, ಸಮಯ ಹಾಳು.

ಚಾಮುಂಡಿ_ಮೆಟ್ಟಿಲು
ಸ್ಥಳೀಯ ಪತ್ರಿಕೆಯಲ್ಲಿ ಭಾನುವಾರ ಇಂಜಿನಿಯರ್ ಜಾಹೀರಾತು ಬರುತ್ತಲ್ಲ, "ರೆಸ್ಯೂಮೆ ಅಂಚೆಯಲ್ಲಿ ಕಳಿಸಿ, ಉಲ್ಲೇಖ ಸಂಖ್ಯೆ ಬರೆಯಿರಿ" ಅಂತ? ಅದಕ್ಕೆ ಹಾಕಬಹುದಾ?

ಕಾಗದಪತ್ರ_ಕಾಮತ್
ಹಾಕಬಹುದು, ಅಂಚೆ ಚೀಟಿ ದಂಡ. ಅದು ಬಹುತೇಕ ಪರ್ಮ್ ಜಾಹೀರಾತು. ಆ ಜಾಗದಲ್ಲಿ ಆಗಲೇ ಒಬ್ಬರು ಕೂತಿದ್ದಾರೆ, ಅವರ ಗ್ರೀನ್ ಕಾರ್ಡ್‌ಗೆ ಮಾರುಕಟ್ಟೆ ಪರೀಕ್ಷೆ ನಡೀತಿದೆ. ವೃತ್ತಿಪರ ಹುದ್ದೆಗೆ ಎರಡು ಭಾನುವಾರದ ಜಾಹೀರಾತು, ರಾಜ್ಯದ ಉದ್ಯೋಗ ತಾಣದಲ್ಲಿ 30 ದಿನ, ಕೆಲಸದ ಜಾಗದಲ್ಲಿ 10 ಕೆಲಸದ ದಿನ ನೋಟಿಸ್, ಜೊತೆಗೆ ಇನ್ನೂ ಮೂರು ಬಗೆಯ ಪ್ರಚಾರ ಬೇಕು. ಭಾನುವಾರ ಪತ್ರಿಕೆಯೇ ಇಲ್ಲದ ಹಳ್ಳಿಗಾಡಲ್ಲಿ ಹೆಚ್ಚು ಓಡೋ ದಿನದ ಸಂಚಿಕೆ ನಡೆಯುತ್ತೆ. ಅರ್ಜಿ ಹಾಕಿದವರು ಪ್ರಜೆಗಳು, ಗ್ರೀನ್ ಕಾರ್ಡ್‌ನವರು, ನಿರಾಶ್ರಿತರು ಇಂಥವರಾಗಿದ್ರೆ ಮಾತ್ರ ಅವರ ಲೆಕ್ಕಕ್ಕೆ ಬರೋದು. ಎಲ್-2 ಅರ್ಜಿ ಲೆಕ್ಕಕ್ಕಿಲ್ಲ.

ಆದ್ರೆ ಆ ಜಾಹೀರಾತಿಂದ ಒಂದು ಲಾಭ ಇದೆ: ಈ ಕಂಪನಿ ಗ್ರೀನ್ ಕಾರ್ಡ್ ಮಾಡಿಸುತ್ತೆ ಅಂತ ಗೊತ್ತಾಯ್ತಲ್ಲ!

ಬೋರ್‌ವೆಲ್_ಬಸಪ್ಪ
ಅದಕ್ಕಿಂತ ಒಳ್ಳೇ ದಾರಿ ಇದೆ. ಕಾರ್ಮಿಕ ಇಲಾಖೆ ಪ್ರತಿ ತ್ರೈಮಾಸಿಕ ಎಲ್‌ಸಿಎ (ಎಚ್-1ಬಿಗೆ ಮುಂಚೆ ಕಂಪನಿ ಕೊಡೋ ವೇತನ ಘೋಷಣೆ) ಪಟ್ಟಿ ಬಿಡುತ್ತೆ, ದೊಡ್ಡ ಎಕ್ಸೆಲ್ ಫೈಲು. ಅದರಲ್ಲಿ ಕೆಲಸದ ಜಾಗದ ಕೌಂಟಿ ಕಾಲಮ್ಮಿಗೆ ಬಾರ್ಥಲೊಮ್ಯೂ, ಜ್ಯಾಕ್ಸನ್, ಡಿಕೇಟರ್, ಜಾನ್ಸನ್, ಮನ್ರೋ ಅಂತ ಫಿಲ್ಟರ್ ಹಾಕಿ. ಯಾವ ಕಂಪನಿ, ಯಾವ ಹುದ್ದೆ, ಎಷ್ಟು ಸಂಬಳ, ಎಲ್ಲ ಬರುತ್ತೆ. ಹುದ್ದೆ ಕೋಡ್ ಗೊತ್ತಿದ್ರೆ ಇನ್ನೂ ಬೇಗ: ಎಲೆಕ್ಟ್ರಿಕಲ್ 17-2071, ಇಂಡಸ್ಟ್ರಿಯಲ್ 17-2112, ಮೆಕ್ಯಾನಿಕಲ್ 17-2141. ಮನೆಯವರಿಗೆ ಮುಂದೆ ಎಚ್-1ಬಿ ಬೇಕಾದ್ರೂ ಇದೇ ಉಪಯೋಗ. ಈಗ ಎಚ್-1ಬಿ ಲಾಟರಿಯಲ್ಲಿ ವೇತನ ಮಟ್ಟಕ್ಕೆ ತೂಕ ಬಂದಿದೆ: ನಾಲ್ಕನೇ ಮಟ್ಟದವರ ಹೆಸರು ನಾಲ್ಕು ಸಲ, ಮೊದಲನೇ ಮಟ್ಟದವರದು ಒಂದೇ ಸಲ. ಮಟ್ಟವನ್ನ ಆ ಪ್ರದೇಶದ ವೇತನ ದರದ ಮೇಲೆ ಅಳೀತಾರೆ, ಹಾಗಾಗಿ ಅದೇ ಸಂಬಳ ಒಂದು ಊರಲ್ಲಿ ಎರಡನೇ ಮಟ್ಟ, ಇನ್ನೊಂದರಲ್ಲಿ ಮೂರನೇದು ಆಗಬಹುದು. ದರಪಟ್ಟಿ ಪ್ರತಿ ಜುಲೈ 1ಕ್ಕೆ ಬದಲಾಗುತ್ತೆ.

ಹಾಸನ್_ಹುಡ್ಗ
ಒಂದು ಲಕ್ಷ ಡಾಲರ್ ಫೀಸು ಬಂದ್ಮೇಲೆ ಯಾರು ಸ್ವಾಮಿ ಎಚ್-1ಬಿ ಹಾಕ್ತಾರೆ?

ಕಾಗದಪತ್ರ_ಕಾಮತ್
2025ರ ಸೆಪ್ಟೆಂಬರ್ 21ರಿಂದ ಬಂದ ಆ ಫೀಸು ಹೊರದೇಶದಲ್ಲಿ ಇರೋರ ಹೊಸ ಅರ್ಜಿಗೆ. ಅಮೆರಿಕದೊಳಗೇ ಇದ್ದು ಸ್ಟೇಟಸ್ ಬದಲಿಸೋರಿಗೆ ಅನ್ವಯ ಇಲ್ಲ ಅಂತ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಯುಎಸ್‌ಸಿಐಎಸ್ ಸ್ಪಷ್ಟ ಮಾಡಿದೆ. ಎಲ್-1, ಎಲ್-2 ಮೇಲೆ ಆಗಲೇ ಅಲ್ಲಿ ಇರೋರಿಗೆ ಇದರಿಂದ ಸ್ವಲ್ಪ ಕೈ ಮೇಲಾಯ್ತು ಅಂತಲೇ ಹೇಳಬೇಕು.

ಕಾರವಾರ_ಸಿಸ್ಟರ್
ಬಿ.ಫಾರ್ಮ್ ನಾದಿನಿ ವಿಷ್ಯ ಎಲ್ಲರೂ ಮರೆತ್ರಿ. ಫಾರ್ಮಸಿಸ್ಟ್ ಲೈಸೆನ್ಸ್ ಆಸೆ ಬಿಡಿ ಅಂತ ಹೇಳ್ಬೇಕಾಗುತ್ತೆ. ವಿದೇಶಿ ಪದವೀಧರರಿಗೆ ಎಫ್‌ಪಿಜಿಇಸಿ ಸರ್ಟಿಫಿಕೇಟ್ ಬೇಕು, 2003ರ ಜನವರಿ 1ರ ನಂತರ ಪದವಿ ಮುಗಿಸಿದೋರಿಗೆ ಐದು ವರ್ಷದ ಕೋರ್ಸೇ ಆಗಿರ್ಬೇಕು. ನಮ್ಮ ಬಿ.ಫಾರ್ಮ್ ನಾಲ್ಕು ವರ್ಷ. ಮೇಲೆ ಎಂ.ಫಾರ್ಮ್ ಸೇರಿಸಿ ಲೆಕ್ಕ ತುಂಬ್ಸೋಕೂ ಬರಲ್ಲ. ಫಾರ್ಮ್.ಡಿ ಆಗಿದ್ರೆ ದಾರಿ ಇತ್ತು.

ಹಾಗಂತ ಬಾಗಿಲು ಮುಚ್ಚಿಲ್ಲ. ಬ್ಲೂಮಿಂಗ್ಟನ್‌ನಲ್ಲೇ ಇರೋದು ಅದೃಷ್ಟ. ಮೊದಲು ಕ್ಯಾಟಲೆಂಟ್ ಇದ್ದ ಇಂಜೆಕ್ಷನ್ ತುಂಬೋ ಪ್ಲಾಂಟು 2024ರ ಡಿಸೆಂಬರ್‌ನಿಂದ ನೋವೊ ನಾರ್ಡಿಸ್ಕ್ ಕೈಲಿದೆ. ಅಂಥ ಕಡೆ ಕ್ವಾಲಿಟಿ ಕಂಟ್ರೋಲ್, ಬ್ಯಾಚ್ ದಾಖಲೆ ಪರಿಶೀಲನೆ, ಪರಿಸರ ನಿಗಾ ಅಂದ್ರೆ ಕ್ಲೀನ್‌ರೂಮಲ್ಲಿ ಗಾಳಿ-ಮೇಲ್ಮೈ ಸ್ಯಾಂಪಲ್ ತೆಗೆಯೋ ಕೆಲಸಕ್ಕೆ ಬಿ.ಫಾರ್ಮ್ ಸರಿಯಾಗಿ ಹೊಂದುತ್ತೆ. ಲೈಸೆನ್ಸ್ ಬೇಡ. 21 ಸಿಎಫ್‌ಆರ್ 211 (ಔಷಧ ತಯಾರಿಕೆ ನಿಯಮ) ಓದಿರ್ಬೇಕು, ಡೀವಿಯೇಷನ್ (ಕ್ರಮ ತಪ್ಪಿದ್ದರ ವರದಿ) ಬರೆಯೋಕೆ ಬರ್ಬೇಕು, ರಾತ್ರಿ ಪಾಳಿಗೆ ತಯಾರಿರ್ಬೇಕು. ಇದೆಲ್ಲಾ ಇಎಡಿ ಇದ್ರೆ ಮಾತ್ರ. ಎಚ್-4 ಅಂದ್ರಲ್ಲ, ಇಎಡಿ ಇದೆಯಾ?

ಮಲೆನಾಡ್‌ಮಳೆ
ಇದೆ ಅಕ್ಕಾ, ಮುಂದಿನ ವರ್ಷ ನವೀಕರಣ ಬರುತ್ತೆ.

ಕಾರವಾರ_ಸಿಸ್ಟರ್
ಹಾಗಾದ್ರೆ ನವೀಕರಣಕ್ಕೆ ಅವಧಿ ಮುಗಿಯೋ ಆರು ತಿಂಗಳು ಮುಂಚೆ, ಮೊದಲ ದಿನವೇ ಹಾಕ್ಬೇಕು. ಮೊದಲು 540 ದಿನ ತಾನೇ ವಿಸ್ತರಣೆ ಸಿಗ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗೆ ಅದು ಇಲ್ಲ. ಕಾರ್ಡ್ ಬರೋದು ತಡ ಆದ್ರೆ ಆ ಗ್ಯಾಪಲ್ಲಿ ಒಂದು ದಿನವೂ ಕೆಲಸ ಮಾಡೋ ಹಾಗಿಲ್ಲ. ಸೇರುವಾಗಲೇ ಮ್ಯಾನೇಜರ್‌ಗೆ ತಾರೀಖು ಹೇಳಿಟ್ರೆ ರಜೆ ಅಂತ ತೋರಿಸಿ ಜಾಗ ಉಳಿಸ್ತಾರೆ. ಹೇಳ್ದೇ ಇದ್ರೆ ಕೆಲಸ ಹೋಗುತ್ತೆ.

ಉಡುಪಿ_ಮಟ್ಟುಗುಳ್ಳ
ನರ್ಸಿಂಗ್ ಮಾಡಿದವರಿಗೆ ಹೇಗುಂಟು ಮಾರಾಯ್ರೆ ಅಲ್ಲಿ?

ಕಾರವಾರ_ಸಿಸ್ಟರ್
ನರ್ಸ್‌ಗೆ ಎಲ್ಲರಿಗಿಂತ ಸುಲಭ. ಷೆಡ್ಯೂಲ್ ಎ (ಜನ ಸಾಲದ ಕೆಲಸಗಳ ಪಟ್ಟಿ) ಹುದ್ದೆ, ಪರ್ಮ್ ಪರೀಕ್ಷೆಯೇ ಬೇಡ. ಇಂಡಿಯಾನಾ 2020ರ ಜುಲೈಯಿಂದ ನರ್ಸ್ ಕಾಂಪ್ಯಾಕ್ಟಲ್ಲಿದೆ, ಅಲ್ಲಿ ಬಹುರಾಜ್ಯ ಲೈಸೆನ್ಸ್ ಸಿಕ್ಕಿದ್ರೆ ಪಕ್ಕದ ಕೆಂಟಕಿಯಲ್ಲೂ ನಡೆಯುತ್ತೆ. ತಡ ಆಗೋದು ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ನಿಂದಲ್ಲ, ಊರಿನ ಕಾಗದದಿಂದ. ರಾಜೀವ್ ಗಾಂಧಿ ಆರೋಗ್ಯ ವಿವಿಯಿಂದ ಅಂಕಪಟ್ಟಿ, ರಾಜ್ಯ ನರ್ಸಿಂಗ್ ಕೌನ್ಸಿಲಿಂದ ನೋಂದಣಿ ದೃಢೀಕರಣ ಎರಡೂ ನೇರವಾಗಿ ಅವರಿಂದಲೇ ಹೋಗ್ಬೇಕು, ನೀವು ಲಕೋಟೆ ಒಡೆದು ಕಳಿಸಿದ್ರೆ ನಡೆಯಲ್ಲ. ಮದುವೆ ನಂತರ ಹೆಸರು ಬದಲಾಗಿದ್ರೆ ಎಲ್ಲಾ ಕಾಗದದಲ್ಲೂ ಒಂದೇ ಕಾಗುಣಿತ ಇದೆಯಾ ನೋಡಿ. ಇಂಡಿಯಾ ಬಿಡೋ ಮುಂಚೆ ಈ ಕೆಲಸ ಮುಗಿಸಿ.

ಮೇಷ್ಟ್ರು_ಮಗ
ಶಾಲೆ ಬಗ್ಗೆ ಯಾರೂ ಹೇಳಿಲ್ಲ. ಇಂಡಿಯಾನಾದಲ್ಲಿ ಫ್ಯಾಕ್ಟರಿ ಅನುಭವ ಇರೋರಿಗೆ "ವರ್ಕ್‌ಪ್ಲೇಸ್ ಸ್ಪೆಷಲಿಸ್ಟ್" ಅಂತ ಲೈಸೆನ್ಸ್ ಇದೆ, ಬಿ.ಎಡ್ ಬೇಡ, ವೃತ್ತಿಶಿಕ್ಷಣ ತರಗತಿಗೆ ಪಾಠ ಮಾಡಬಹುದು. ಕೊಲಂಬಸ್‌ನಲ್ಲಿ ಸಿ4 ಅನ್ನೋ ವೃತ್ತಿ ಕೇಂದ್ರ ಇದೆ, ಮಳೆ ಮೇಡಂಗೆ ಹೊಂದುತ್ತೆ. ಸಂಬಳ ಕಮ್ಮಿ, ಬೇಸಿಗೆ ರಜೆ ಇದೆ.

ಪ್ಯಾನಲ್_ಪಾಪಣ್ಣ
ಜಾಹೀರಾತು ಎಲ್ಲಿ ನೋಡೋದು ಅನ್ನೋದಕ್ಕೆ: ಚಿಕ್ಕ ಪ್ಲಾಂಟುಗಳು ಲಿಂಕ್ಡ್‌ಇನ್‌ಗೆ ದುಡ್ಡು ಹಾಕಲ್ಲ. ರಾಜ್ಯದ ಇಂಡಿಯಾನಾ ಕರಿಯರ್ ಕನೆಕ್ಟ್ ತಾಣ, ವರ್ಕ್‌ಒನ್ ಉದ್ಯೋಗ ಆಫೀಸು, ಕಂಪನಿಯ ಸ್ವಂತ ಪುಟ, ಗೇಟಿನ ಮುಂದಿನ ಬೋರ್ಡು. ಮಿಕ್ಕ ಅರ್ಧ ಏಜೆನ್ಸಿ ಮೂಲಕ, "ಕಾಂಟ್ರ್ಯಾಕ್ಟ್ ಟು ಹೈರ್". ಅದಕ್ಕೆ ಮುಖ ಸಿಂಡರಿಸಬೇಡಿ. ಎಲ್-2ಎಸ್‌ಗೆ ಆರಂಭಕ್ಕೆ ಅದೇ ಸುಲಭ ದಾರಿ. ಗಂಟೆ ಲೆಕ್ಕ, ಡಬ್ಲ್ಯು-2 (ನೌಕರರಾಗಿ) ಮೇಲೇ ಇರಲಿ, 1099 (ಸ್ವತಂತ್ರ ಗುತ್ತಿಗೆ) ಅಂದ್ರೆ ಸ್ವಯಂ ಉದ್ಯೋಗದ ತೆರಿಗೆ ಪೂರ್ತಿ ನಿಮ್ಮ ತಲೆ ಮೇಲೆ. ಆರೋಗ್ಯ ವಿಮೆ ಮನೆಯವರ ಕಡೆಯಿಂದ ಇರುತ್ತಲ್ಲ, ಹಾಗಾಗಿ ಏಜೆನ್ಸಿಯ ಕಳಪೆ ವಿಮೆ ಬೇಡ ಅಂದು ಗಂಟೆ ದರ ಜಾಸ್ತಿ ಕೇಳಿ.

ರೆಸ್ಯೂಮೆಯಿಂದ ಫೋಟೋ, ಹುಟ್ಟಿದ ದಿನ, ತಂದೆ ಹೆಸರು, ಮದುವೆ ವಿವರ ತೆಗೆದುಬಿಡಿ. ಇಂಟರ್‌ವ್ಯೂ ದಿನ ಪ್ಲಾಂಟ್ ಸುತ್ತಿಸ್ತಾರೆ, ಸ್ಟೀಲ್ ಟೋ ಶೂ ನಿಮ್ಮದೇ ಒಯ್ಯಿರಿ. ಚೂಡಿದಾರದ ದುಪಟ್ಟಾ, ಬಳೆ ಬೇಡ.

ಜೋಳದಹೊಲ
ಮನೆ ಎಲ್ಲಿ ಅನ್ನೋದಕ್ಕೆ: ಇಂಡಿಯಾನಾಪೊಲಿಸ್ ಉತ್ತರಕ್ಕೆ ಸುಮಾರು 45 ಮೈಲಿ. ಕೆಲಸ ಸಿಗೋ ಮುಂಚೆ ಅಲ್ಲಿ ಮನೆ ಮಾಡಬೇಡಿ. ಕೊಲಂಬಸ್‌ನಿಂದ ಸೀಮೋರ್, ಗ್ರೀನ್ಸ್‌ಬರ್ಗ್, ಫ್ರ್ಯಾಂಕ್ಲಿನ್ ಮೂರೂ ಕೈಗೆಟಕುತ್ತೆ, ಇಂಡಿಯಾನಾಪೊಲಿಸ್ ಪಕ್ಕದ ಗ್ರೀನ್‌ವುಡ್‌ನಲ್ಲಿ ಕೂತ್ರೆ ಗ್ರೀನ್ಸ್‌ಬರ್ಗ್, ಸೀಮೋರ್ ದೂರ ಆಗುತ್ತೆ. ಬ್ಲೂಮಿಂಗ್ಟನ್ ಕಡೆಯ 46ನೇ ರಸ್ತೆ ಬ್ರೌನ್ ಕೌಂಟಿ ಗುಡ್ಡದಲ್ಲಿ ಸುತ್ತಿಕೊಂಡು ಹೋಗುತ್ತೆ, ನಕ್ಷೆಯ ಮೈಲಿ ನೋಡಿ ಮೋಸ ಹೋಗಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್ ಜಿಂಕೆ ಕಾಲ. ಜಿಂಕೆಗೆ ಗುದ್ದಿದ್ರೆ "ಕಾಂಪ್ರೆಹೆನ್ಸಿವ್" ವಿಮೆ ಕೊಡುತ್ತೆ, ತಪ್ಪಿಸೋಕೆ ಹೋಗಿ ಮರಕ್ಕೆ ಗುದ್ದಿದ್ರೆ "ಕೊಲಿಷನ್" ಲೆಕ್ಕಕ್ಕೆ. ಎರಡೂ ಹಾಕಿಸಿ. ಹಿಮ ಬಿದ್ದಾಗ ಕೌಂಟಿ ಪ್ರಯಾಣ ಸೂಚನೆ ಹಳದಿ, ಕಿತ್ತಳೆ, ಕೆಂಪು ಅಂತ ಬರುತ್ತೆ. ಕೆಂಪು ಅಂದ್ರೆ ತುರ್ತು ಸೇವೆ ಬಿಟ್ಟು ಬೇರೆಯವರು ರಸ್ತೆಗೆ ಇಳಿಯೋ ಹಾಗಿಲ್ಲ.

ಚಾಮುಂಡಿ_ಮೆಟ್ಟಿಲು
ಬಾಡಿಗೆಗೆ ಹಿಡಿಯೋ ಮುಂಚೆ ಫೆಮಾ ಪ್ರವಾಹ ನಕ್ಷೆ ನೋಡಿ. 2008ರ ಜೂನ್‌ನಲ್ಲಿ ಹಾ ಕ್ರೀಕ್ ಉಕ್ಕಿ ಊರಿನ ಆಸ್ಪತ್ರೆಯನ್ನೇ ತಿಂಗಳುಗಟ್ಟಲೆ ಮುಚ್ಚಿಸಿತ್ತು.

ಎಕ್ಸ್‌ಪ್ರೆಸೊ_ಬೇಡ_ಫಿಲ್ಟರ್_ಸಾಕು
ವಿಷಯಾಂತರ: ಕೆಲಸ ಸಿಗೋ ತನಕ ಊರು ನೋಡಿ. ಲೈಬ್ರರಿ ಐ.ಎಂ. ಪೇ ಕಟ್ಟಿದ್ದು, ಚರ್ಚುಗಳು ಅಪ್ಪ-ಮಗ ಸಾರಿನೆನ್‌ರವು. ವಾಸ್ತುಶಿಲ್ಪಿಗಳ ಫೀಸನ್ನ ಕಮಿನ್ಸ್ ಪ್ರತಿಷ್ಠಾನ ಕೊಡ್ತಿತ್ತು. ಗ್ರೀನ್ಸ್‌ಬರ್ಗ್ ಕೋರ್ಟಿನ ಗೋಪುರದ ನೆತ್ತಿ ಮೇಲೆ ಮರ ಬೆಳೆದಿದೆ, ನಿಜವಾದ ಮರ!

ಬೋರ್‌ವೆಲ್_ಬಸಪ್ಪ
ಮರ ಇರ್ಲಿ, ತೆರಿಗೆ ಕೇಳಿ. ಇಂಡಿಯಾನಾದಲ್ಲಿ ರಾಜ್ಯದ ತೆರಿಗೆ ಜೊತೆ ಕೌಂಟಿ ತೆರಿಗೆ ಬೇರೆ ಇದೆ. ಜನವರಿ 1ಕ್ಕೆ ಯಾವ ಕೌಂಟಿಯಲ್ಲಿ ಮನೆ ಇತ್ತೋ ಇಡೀ ವರ್ಷ ಆ ಕೌಂಟಿ ದರ. ಡಿಸೆಂಬರ್‌ನಲ್ಲಿ ಮನೆ ಬದಲಿಸೋರು ಎರಡೂ ಕೌಂಟಿ ದರ ಹೋಲಿಸಿ ತಾರೀಖು ಇಟ್ಕೊಳ್ಳಿ. ಸಂಬಳದ ತೆರಿಗೆ ಕಡಿತಕ್ಕೆ ಕೊಡೋ ಡಬ್ಲ್ಯುಎಚ್-4 ಫಾರ್ಮಲ್ಲಿ ಕೌಂಟಿ ತಪ್ಪು ಬರೆದ್ರೆ ಏಪ್ರಿಲ್‌ನಲ್ಲಿ ಕೈಯಿಂದ ಕಟ್ಟಬೇಕು.

ಮಲೆನಾಡ್‌ಮಳೆ
ಮಿಕ್ಕಿದ್ದೆಲ್ಲ ಗೊತ್ತಾಯ್ತು. ಒಂದೇ ಪ್ರಶ್ನೆ: ವಿಟಿಯು ಅಂಕಪಟ್ಟಿ ಮೌಲ್ಯಮಾಪನ ಮಾಡಿಸ್ಬೇಕಾ?

ಧಾರವಾಡ_ಪೇಢಾ
ಫ್ಯಾಕ್ಟರಿ ಕೆಲಸಕ್ಕ ಬೇಡ ರೀ, ಪಿಇ (ವೃತ್ತಿಪರ ಇಂಜಿನಿಯರ್) ಲೈಸೆನ್ಸೂ ಬೇಡ. ಶಾಲೆ, ಕಾಲೇಜು, ಸರ್ಕಾರಿ ಕೆಲಸ ನೋಡೋರಿದ್ರ ಅಷ್ಟ ಬೇಕು. ಆದ್ರ ಟ್ರಾನ್ಸ್‌ಕ್ರಿಪ್ಟ್ ಲಕೋಟಿ ಎರಡು ಸೆಟ್ ಬೆಳಗಾವಿಂದ ಸೀಲ್ ಮಾಡಿಸ್ಕೊಂಡ ವಿಮಾನ ಹತ್ರಿ. ಅಲ್ಲಿಂದ ತರಸೂದು ಭಾಳ ತ್ರಾಸು.